‘ಎಲ್ಲರಿಗೂ’ ಎಂಬ ಪದದ ಅಕ್ಷರಾರ್ಥ

ಪದವನ್ನು ಅಕ್ಷರಶಃ ಹಿಡಿಯಬೇಡಿ, ಅದರ ಹಿಂದಿನ ಭಾವ ನೋಡಿ ಎಂದು ನಮ್ಮ ಪಂಡಿತರು ಆಗಾಗ ಬುದ್ಧಿ ಹೇಳುತ್ತಾರೆ. ಅಕ್ಷರಾರ್ಥಕ್ಕೆ ಜೋತುಬಿದ್ದವನು ಒಣ ತರ್ಕದವನು, ರಸ ಗೊತ್ತಿಲ್ಲದವನು ಎಂಬುದು ಅವರ ತೀರ್ಮಾನ. ಕಾವ್ಯದ ಮಟ್ಟಿಗೆ ಈ ಮಾತು ಇದ್ದರೂ ಇರಬಹುದು. ಆದರೆ ಬದುಕು ಕಾವ್ಯದಿಂದ ನಡೆಯುವುದಿಲ್ಲ. ಅರ್ಜಿ, ಠರಾವು, ಕಾಯಿದೆ, ಸಾಲಿಯ ದಾಖಲಾತಿ ಪುಸ್ತಕ ಇವುಗಳಿಂದ ನಡೆಯುತ್ತದೆ. ಅಲ್ಲಿ ಒಂದು ಪದದ ಅರ್ಥ ಹಿಗ್ಗಿತೋ ಕುಗ್ಗಿತೋ ಎಂಬುದರ ಮೇಲೆ ಒಬ್ಬ ಹುಡುಗ ಒಳಗೆ ಕೂಡುತ್ತಾನೋ ಹೊರಗೆ ನಿಲ್ಲುತ್ತಾನೋ ಎಂಬುದು ನಿರ್ಧಾರವಾಗುತ್ತದೆ. ತಲೆತಲಾಂತರದಿಂದ ಅಕ್ಷರದಿಂದಲೇ ದೂರ ಇಟ್ಟ ಜನಕ್ಕೆ ಅಕ್ಷರಾರ್ಥ ಎಂಬುದು ವಿಚಾರಗೋಷ್ಠಿಯ ವಿಷಯವಲ್ಲ, ಬಾಗಿಲಿನ ವಿಷಯ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಧಾರವಾಡದಾಗ ಐತಿ. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡ. ಆ ವಿಚಾರ ಮುಂಬಯಿಯಿಂದ ಕಲಕತ್ತೆಗೆ, ಮುಂದೆ ಲಂಡನ್ನಿಗೆ ಹೋಯಿತು. ಒಂದು ಶಾಲೆಯ ಹೊಸ್ತಿಲು ದಾಟುವ ಪ್ರಶ್ನೆಗೆ ಸಮುದ್ರ ದಾಟಬೇಕಾಯಿತು. ಹೋದದ್ದು ಹುಡುಗನಲ್ಲ, ಅವನ ಬಗ್ಗೆ ಬರೆದ ಕಾಗದ. ಸುಮಾರು ಎರಡು ವರ್ಷ ಈ ಮೂರು ಊರಿನ ದೊಡ್ಡ ಸಾಹೇಬರು ಕೂತು ಚರ್ಚಿಸಿದ ಸಂಗತಿ ಇಷ್ಟೇ: ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿದೆ ಅಂದರೆ, ‘ಎಲ್ಲರಿಗೂ’ ಎಂಬ ಪದದಲ್ಲಿ ಈ ಹುಡುಗ ಇದ್ದಾನೋ ಇಲ್ಲವೋ?

ಧಾರವಾಡ 1818ರಲ್ಲಿ ಪೇಶ್ವೆಯರ ಕೈಯಿಂದ ಕಂಪನಿಯ ಕೈಗೆ ಬಂತು. 1830ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಕಾಲದ ನಮ್ಮ ಭಾಗದ ಶಾಲೆಗಳ ಇತಿಹಾಸವನ್ನು ಬರೆಯುವಾಗ ಎಲ್ಲರೂ ಮರಾಠಿಯ ಯಜಮಾನಿಕೆಯ ಕಥೆ ಹೇಳುತ್ತಾರೆ. ಕನ್ನಡದ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಗಿತ್ತು, ಅದರ ವಿರುದ್ಧ ಡೆಪ್ಯುಟಿ ಚೆನ್ನಬಸಪ್ಪನವರಂಥವರು ದುಡಿದರು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು ಎಂದು ಬರೆಯುತ್ತಾರೆ. ನಿಜ, ಅದು ದೊಡ್ಡ ಕೆಲಸ. ಅವರನ್ನು ನೆನೆಯಲೇಬೇಕು. ಆದರೆ ಶಾಲೆಯೊಳಗೆ ಯಾವ ಭಾಷೆ ಎಂದು ಕೇಳುವ ಮೊದಲು ಶಾಲೆಯೊಳಗೆ ಯಾರು ಎಂದು ಕೇಳಬೇಕಲ್ಲ? ಮರಾಠಿ ಶಾಲೆ ಕನ್ನಡ ಶಾಲೆಯಾದರೆ ಒಳಗಿದ್ದವನ ಪುಸ್ತಕ ಬದಲಾಗುತ್ತದೆ. ಹೊರಗೆ ನಿಂತವನಿಗೆ ಗೋಡೆ ಯಾವ ಭಾಷೆಯದಾದರೇನು?

ಮುಂಬಯಿ ಪ್ರಾಂತದಲ್ಲಿ ಈ ಗೋಡೆಗೆ ಸರ್ಕಾರದ ಕಡೆಯಿಂದಲೇ ಒಂದು ತತ್ವ ಸಿಕ್ಕಿತ್ತು. 1820ರ ದಶಕದಲ್ಲಿ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಶಿಕ್ಷಣದ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಂಡಿದ್ದ. ಅತ್ಯಂತ ಕೆಳಗಿನ ಜಾತಿಯ ಮಕ್ಕಳೇ ಒಳ್ಳೆಯ ವಿದ್ಯಾರ್ಥಿಗಳಾಗುತ್ತಾರೆಂದು ಮಿಷನರಿಗಳು ಹೇಳುತ್ತಾರೆ ಎಂದು ಅವನೇ ಬರೆದ. ಬರೆದು, ಅಂಥವರಿಗೆ ವಿಶೇಷ ಉತ್ತೇಜನ ಕೊಡುವಾಗ ಹುಷಾರಾಗಿರಬೇಕು, ಅವರಲ್ಲಿ ಮೊದಲು ಬೇರು ಬಿಟ್ಟ ವಿದ್ಯೆ ಮಿಕ್ಕ ಜಾತಿಗಳಿಗೆ ಹರಡುವುದಿಲ್ಲ ಎಂದು ಎಚ್ಚರಿಸಿದ. ಅಂದರೆ ಬುದ್ಧಿ ಇದೆ, ಆದರೂ ಕೊಡಬೇಡಿ. ಬುದ್ಧಿ ಇಲ್ಲವೆಂದು ಹೊರಗಿಟ್ಟರು ಎಂದು ನಾವು ತಿಳಿದುಕೊಂಡಿದ್ದೇವೆ. ಬುದ್ಧಿ ಇದೆಯೆಂದು ಗೊತ್ತಿದ್ದೇ ಹೊರಗಿಟ್ಟದ್ದಕ್ಕೆ ಇಲ್ಲಿ ಸಾಹೇಬನ ಕೈಬರಹದ ಸಾಕ್ಷಿ ಇದೆ.

ಇತ್ತ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರ ಮಂಡಳಿ 1854ರ ಮೇ 5ರಂದು ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ, ಜಾತಿಯ ಕಾರಣ ಒಂದರಿಂದಲೇ ಯಾವ ಹುಡುಗನಿಗೂ ಸರ್ಕಾರಿ ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಪ್ರವೇಶ ನಿರಾಕರಿಸಬಾರದೆಂಬ ತತ್ವವನ್ನು ಹೇಳಿತ್ತು. ಅದೇ ವರ್ಷದ ಜುಲೈನಲ್ಲಿ ಚಾರ್ಲ್ಸ್ ವುಡ್‌ನ ಪ್ರಸಿದ್ಧ ಶಿಕ್ಷಣ ಆದೇಶ ಬಂತು. ಮೇಲಿನವರಿಗೆ ಕಲಿಸಿದರೆ ವಿದ್ಯೆ ತಾನಾಗಿ ಕೆಳಗೆ ಸೋರುತ್ತದೆ ಎಂಬ ಹಳೆಯ ವಾದವನ್ನು ಬಿಟ್ಟು ಸಾಮಾನ್ಯ ಜನರ ಶಿಕ್ಷಣಕ್ಕೆ ಸರ್ಕಾರ ಗಮನ ಕೊಡಬೇಕೆಂದು ಅದು ಹೇಳಿತು. ಧಾರವಾಡದ ಹುಡುಗ ಅರ್ಜಿ ಹಾಕುವ ಹೊತ್ತಿಗೆ ಪದ ತಯಾರಾಗಿ ಎರಡು ವರ್ಷವಾಗಿತ್ತು. ಅವನು ಹೊಸದೇನನ್ನೂ ಕೇಳಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿರಿ ಅಂದ, ಅಷ್ಟೇ.

ಮುಂಬಯಿ ಸರ್ಕಾರ 1856ರ ಜುಲೈ 21ರಂದು ಠರಾವು ಮಾಡಿ ಉತ್ತರ ಕೊಟ್ಟಿತು. ಆ ಠರಾವಿನಲ್ಲಿ ಅವನಿಗೆ ಹೆಸರಿಲ್ಲ, ಮಹಾರ ಅರ್ಜಿದಾರ ಅಂತಷ್ಟೇ ಇದೆ. ಅದನ್ನು ನಾವು ಪದಪದವಾಗಿ ಬಿಡಿಸಿ ಓದಬೇಕು. ಯಾಕೆಂದರೆ ಅಲ್ಲಿಂದ ಇಲ್ಲಿಯವರೆಗೆ ನಮಗೆ ಬಂದ ‘ಇಲ್ಲ’ಗಳೆಲ್ಲ ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿ ಎರಕ ಹೊಯ್ದವು.

ಠರಾವು ಮೊದಲು, ಇದು ಆಚರಣೆಯಲ್ಲಿ ಬಹಳ ತೊಡಕಿನ ಪ್ರಶ್ನೆ ಎನ್ನುತ್ತದೆ. ಆಮೇಲೆ, ಅಮೂರ್ತವಾದ ನ್ಯಾಯ ಅರ್ಜಿದಾರನ ಕಡೆ ಇದೆ ಎಂಬುದರಲ್ಲಿ ಸಂಶಯವೇ ಇಲ್ಲ ಎನ್ನುತ್ತದೆ. ಅವನಿಗೆ ಅಡ್ಡಿಯಾಗಿರುವ ಪೂರ್ವಗ್ರಹಗಳು ಬೇಗನೆ ಹೋಗಲಿ ಎಂದು ಹಾರೈಸುತ್ತದೆ. ಅದಾದ ಮೇಲೆ ‘ಆದರೆ’ ಬರುತ್ತದೆ. ಯುಗಯುಗಗಳ ಪೂರ್ವಗ್ರಹದಲ್ಲಿ ಒಬ್ಬನ ಅಥವಾ ಕೆಲವರ ಸಲುವಾಗಿ ಏಕಾಏಕಿ ಕೈ ಹಾಕಿದರೆ ಶಿಕ್ಷಣದ ಕಾರ್ಯಕ್ಕೇ ದೊಡ್ಡ ಹಾನಿಯಾದೀತು ಎನ್ನುತ್ತದೆ. ಕೊನೆಗೆ, ಅರ್ಜಿದಾರನ ಈ ತೊಂದರೆ ಈ ಸರ್ಕಾರದಿಂದ ಹುಟ್ಟಿದ್ದಲ್ಲ, ಆದ್ದರಿಂದ ಅವನು ಬೇಡುವಂತೆ ಅವನ ಪರವಾಗಿ ನಡುವೆ ಬಂದು ಒಮ್ಮೆಲೇ ನಿವಾರಿಸಲು ಸಾಧ್ಯವಿಲ್ಲ ಎಂದು ಮುಗಿಸುತ್ತದೆ.

ಎಷ್ಟು ಸಭ್ಯವಾದ ಭಾಷೆ ನೋಡಿ! ಬೈಗುಳ ಇಲ್ಲ, ಹೊಲೆ ಮೈಲಿಗೆ ಎಂಬ ಮಾತಿಲ್ಲ. ನ್ಯಾಯ ನಿನ್ನ ಕಡೆ ಐತಿ, ಮನಿಗಿ ಹೋಗು!

ಇಲ್ಲಿ ಪದಗಳಿಗೆ ಏನಾಯಿತೆಂದು ಗಮನಿಸಬೇಕು. ‘ನ್ಯಾಯ’ ಎಂಬ ಪದಕ್ಕೆ ‘ಅಮೂರ್ತ’ ಎಂಬ ವಿಶೇಷಣ ಸೇರಿಸಿದ ಕೂಡಲೇ ಅದಕ್ಕೆ ಕೂಡಲು ಜಾಗವಿಲ್ಲದಂತಾಯಿತು. ಅದನ್ನು ಗೌರವಿಸಬಹುದು, ಆಚರಿಸಬೇಕಾಗಿಲ್ಲ. ಎರಡನೆಯದು ‘ಒಬ್ಬ’ ಎಂಬ ಪದ. ಹುಡುಗ ಒಬ್ಬನೇ ಬಂದದ್ದು ಲೆಕ್ಕದಲ್ಲಿ ನಿಜ. ಅವನ ಹಿಂದೆ ಬರಲಾರದೆ ಕೇರಿಯಲ್ಲೇ ಉಳಿದವರು ಎಷ್ಟು ಮಂದಿ ಎಂಬುದು ಆ ಎಣಿಕೆಯಲ್ಲಿ ಬರಲಿಲ್ಲ. ಮೂರನೆಯದು ಬಹಳ ಮುಖ್ಯ, ‘ಶಿಕ್ಷಣ’ ಎಂಬ ಪದ. ಕಲಿಯಬೇಕೆಂದು ಬಂದ ಹುಡುಗನನ್ನು ಒಳಗೆ ಬಿಟ್ಟರೆ ಶಿಕ್ಷಣಕ್ಕೆ ಹಾನಿಯಂತೆ! ಅಕ್ಷರಾರ್ಥದಲ್ಲಿ ಓದಿದರೆ ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಕಲಿಯುವವರು ಹೆಚ್ಚಿದರೆ ಶಿಕ್ಷಣ ಹೇಗೆ ಕಡಿಮೆಯಾಗುತ್ತದೆ? ‘ಶಿಕ್ಷಣ’ ಎಂದರೆ ಈಗಾಗಲೇ ಒಳಗೆ ಕೂತಿರುವ ಮೇಲ್ಜಾತಿಯ ಹುಡುಗರು ಎಂದು ಅರ್ಥ ಮಾಡಿಕೊಂಡಾಗ ಮಾತ್ರ ವಾಕ್ಯ ಕೂಡಿಕೊಳ್ಳುತ್ತದೆ. ಅವರು ಎದ್ದು ಹೋದರೆ ಶಿಕ್ಷಣ ಹೋಯಿತು. ಇವನು ಹೊರಗೆ ನಿಂತರೆ ಶಿಕ್ಷಣಕ್ಕೆ ಏನೂ ಆಗಲಿಲ್ಲ.

ಕೊನೆಯ ಮಾತು ಅಕ್ಷರಶಃ ನಿಜ. ಅಸ್ಪೃಶ್ಯತೆಯನ್ನು ಕಂಪನಿ ಹುಟ್ಟಿಸಲಿಲ್ಲ. ಆದರೆ ಯಾರು ಹುಟ್ಟಿಸಿದರೆಂದು ಹುಡುಗ ಕೇಳಿರಲಿಲ್ಲ. ಬಾಗಿಲು ಸರ್ಕಾರದ್ದು, ಮಾಸ್ತರನ ಪಗಾರ ಸರ್ಕಾರದ್ದು, ಕೀಲಿ ಸರ್ಕಾರದ ಕೈಯಲ್ಲಿ. ತೆರೆಯಿರಿ ಎಂದು ಅವನು ಕೇಳಿದ್ದ. ಅನುಕೂಲ ಬಂದಲ್ಲಿ ಅಕ್ಷರಾರ್ಥ, ಅನಾನುಕೂಲ ಬಂದಲ್ಲಿ ‘ಆಚರಣೆಯ ತೊಡಕು’. ಒಂದೇ ಠರಾವಿನಲ್ಲಿ ಎರಡೂ ಇವೆ.

ಕಲಕತ್ತೆಯ ಕೇಂದ್ರ ಸರ್ಕಾರ 1857ರ ಜನವರಿ 23ರಂದು ತನ್ನ ಅಭಿಪ್ರಾಯ ಬರೆಯಿತು. ಮುಂಬಯಿ ಸರ್ಕಾರ ಜಾಣತನದಿಂದಲೇ ನಡೆದುಕೊಂಡಿರುವುದು ಬಹುಮಟ್ಟಿಗೆ ಸಂಭವ, ಆದರೆ ಬಂಗಾಳ ಪ್ರಾಂತದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂಬುದು ಅದರ ಸಾರ. ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಧೈರ್ಯವಾಗಲಿಲ್ಲ. ಒಂದೇ ಕಂಪನಿ, ಒಂದೇ ಪದ. ಅದಕ್ಕೆ ಬಂಗಾಳದಲ್ಲಿ ಒಂದು ಅರ್ಥ, ಧಾರವಾಡದಲ್ಲಿ ಇನ್ನೊಂದು. ಪದ ತನ್ನಷ್ಟಕ್ಕೆ ತಾನು ಅರ್ಥ ಬದಲಿಸಲಿಲ್ಲ. ಆಯಾ ಊರಿನಲ್ಲಿ ಅದನ್ನು ಓದುವ ಕಣ್ಣು ಯಾರದಾಗಿತ್ತೋ, ಯಾರ ಸಿಟ್ಟಿಗೆ ಸರ್ಕಾರ ಅಂಜುತ್ತಿತ್ತೋ, ಅದರಂತೆ ಬದಲಾಯಿತು.

ಲಂಡನ್ನಿನ ಉತ್ತರ 1858ರ ಏಪ್ರಿಲ್ 28ರಂದು ಬಂತು. ಸರ್ಕಾರದ ಶಿಕ್ಷಣ ಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂಬುದೇ ತಮ್ಮ ಉದ್ದೇಶ, ಆ ತತ್ವದಿಂದ ಹಿಂದೆ ಸರಿಯುವುದು ಸಾಧ್ಯವಿಲ್ಲ ಎಂದು ನಿರ್ದೇಶಕರು ಬರೆದರು. ಇದನ್ನು ಜಾರಿಗೆ ತಂದರೆ ಕೆಲವು ವಿದ್ಯಾರ್ಥಿಗಳು ಶಾಲೆ ಬಿಟ್ಟು ಹೋಗಬಹುದು, ಹೋಗಲಿ. ಒಪ್ಪದವರು ತಮ್ಮ ವಂತಿಗೆ ನಿಲ್ಲಿಸಿ, ತಮ್ಮ ಹಣದಿಂದ ತಮಗೆ ಬೇಕಾದವರಿಗಷ್ಟೇ ಶಾಲೆ ಕಟ್ಟಿಕೊಳ್ಳಲು ಸ್ವತಂತ್ರರು. ಅವರ ಮಾತಿನ ಸಾರ ಇದು.

ಪದವನ್ನು ಅಕ್ಷರಶಃ ಓದುವುದು ಎಂದರೆ ಇದು. ಎಲ್ಲರಿಗೂ ಅಂದರೆ ಎಲ್ಲರಿಗೂ. ಇದರಲ್ಲಿ ರಸವಿಲ್ಲ, ಧ್ವನಿಯಿಲ್ಲ, ಆಳವಾದ ಭಾವ ಯಾವುದೂ ಇಲ್ಲ. ಆದರೆ ಭಾವ ತುಂಬಿ ತುಳುಕುವ ಮುಂಬಯಿಯ ಠರಾವು ಹುಡುಗನನ್ನು ಹೊರಗೆ ನಿಲ್ಲಿಸಿತು, ಈ ಒಣ ವಾಕ್ಯ ಅವನನ್ನು ಒಳಗೆ ಕರೆಯಿತು.

ಹಾಗೆಂದು ಕಂಪನಿಯ ನಿರ್ದೇಶಕರನ್ನು ನಮ್ಮ ಉದ್ಧಾರಕರು ಎಂದು ಹಾರ ಹಾಕುವ ಭ್ರಮೆ ಬೇಡ. ಅವರು ವ್ಯಾಪಾರಿಗಳು. ನಮ್ಮ ನೆಲ ಹಿಂಡಿ ಕಂದಾಯ ಎತ್ತಿದವರು. ಆರು ಸಾವಿರ ಮೈಲಿ ದೂರ ಕೂತು ‘ಎಲ್ಲರಿಗೂ’ ಎಂದು ಬರೆಯುವುದಕ್ಕೆ ಅವರಿಗೆ ಏನೂ ಖರ್ಚಾಗುತ್ತಿರಲಿಲ್ಲ. ಬರೆದ ಆರು ತಿಂಗಳಲ್ಲಿ ಅವರ ಆಳ್ವಿಕೆಯೇ ಮುಗಿಯಿತು. 1858ರ ನವೆಂಬರ್ 1ರಂದು ರಾಣಿಯ ಘೋಷಣೆ ಹೊರಬಂತು. ಅದರಲ್ಲಿ ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಎಂಬ ಮಾತೂ ಇತ್ತು, ಈ ದೇಶದ ಪುರಾತನ ಹಕ್ಕು, ರೂಢಿ, ಸಂಪ್ರದಾಯಗಳಿಗೆ ತಕ್ಕ ಮನ್ನಣೆ ಕೊಡುತ್ತೇವೆ ಎಂಬ ಮಾತೂ ಇತ್ತು. ಧಾರವಾಡದ ಹುಡುಗನಿಗೆ ಮೊದಲನೆಯದು ಬೇಕಾಗಿತ್ತು, ಅವನನ್ನು ತಡೆದವರಿಗೆ ಎರಡನೆಯದು ಸಾಕಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಮಂದಿ ಸುಮ್ಮನೆ ಮಾಡಿದ್ದಲ್ಲ.

ಅದೇ 1858ರಲ್ಲಿ ನಮ್ಮ ಸೀಮೆಯಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಕಂಪನಿಯ ವಿರುದ್ಧ ಎದ್ದರು. ಅವರ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ, ಓದಬೇಕಾದದ್ದೇ. ಆದರೆ ಅದಕ್ಕೂ ಎರಡು ವರ್ಷ ಮೊದಲು, ಕೈಯಲ್ಲಿ ಕತ್ತಿಯಿಲ್ಲದೆ ಒಂದು ಕಾಗದ ಹಿಡಿದು, ಕಂಪನಿಯನ್ನೂ ಊರನ್ನೂ ಒಟ್ಟಿಗೆ ಎದುರು ಹಾಕಿಕೊಂಡ ಹುಡುಗನಿಗೆ ನಾಡಿನ ಇತಿಹಾಸದಲ್ಲಿ ಎಷ್ಟು ಜಾಗ ಕೊಟ್ಟಿದ್ದೇವೆ? ಅವನ ಕಥೆಯನ್ನು ಎತ್ತಿ ಹಿಡಿದವರು ಬಾಬಾಸಾಹೇಬ ಅಂಬೇಡ್ಕರ್. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ನಮ್ಮವರಿಗೆ ಹೇಗೆ ಮುಚ್ಚಿತ್ತೆಂದು ತೋರಿಸಲು ಅವರು ಧಾರವಾಡದ ಈ ಪ್ರಕರಣವನ್ನೇ ಮುಂದಿಟ್ಟರು. ಧಾರವಾಡದ ಹುಡುಗನ ಅರ್ಜಿ ಎಪ್ಪತ್ತೆರಡು ವರ್ಷದ ಮೇಲೆ ಸರಿಯಾದ ವಕೀಲನ ಕೈ ಸೇರಿತು. ಆ ಸುಮಾರಿಗೇ ದಲಿತ ವಿದ್ಯಾರ್ಥಿಗಳಿಗಾಗಿ ಅಂಬೇಡ್ಕರರ ಪ್ರಯತ್ನದಿಂದ ತೆರೆದ ವಸತಿಗೃಹಗಳಲ್ಲಿ ಒಂದು ಇದೇ ಧಾರವಾಡದಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಲಂಡನ್ನಿನಿಂದ ಬಂದ ಪದ ಇಲ್ಲಿ ಏನಾಯಿತು? ಪದಕ್ಕೆ ಬಾಲ ಹಚ್ಚಿದರು. 1882ರಲ್ಲಿ ನೇಮಕವಾದ ಹಂಟರ್ ಆಯೋಗ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಬಾರದೆಂಬ ತತ್ವವನ್ನು ಮತ್ತೆ ಎತ್ತಿಹಿಡಿಯಿತು. ಜೊತೆಗೆ, ಅದನ್ನು ತಕ್ಕ ಎಚ್ಚರಿಕೆಯಿಂದ ಅನ್ವಯಿಸಬೇಕು ಎಂದು ಸೇರಿಸಿತು. ಆಯೋಗ ಸುಮ್ಮನೆ ಅಂಜಿರಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಕೆಲವೇ ಅಸ್ಪೃಶ್ಯ ಹುಡುಗರನ್ನು ಸೇರಿಸಿಕೊಂಡದ್ದಕ್ಕೆ ದೊಡ್ಡ ದೊಡ್ಡ ಶಾಲೆಗಳು ವರ್ಷಗಟ್ಟಲೆ ಮುಚ್ಚಿದ್ದನ್ನು ಅದು ಕೇಳಿತ್ತು. ಆದರೆ ಎಚ್ಚರಿಕೆ ಯಾರ ಬಗ್ಗೆ? ದಾಂಧಲೆ ಮಾಡುವವರನ್ನು ತಡೆಯುವ ಎಚ್ಚರಿಕೆಯಲ್ಲ, ಅವರಿಗೆ ಸಿಟ್ಟು ಬಾರದಂತೆ ನೋಡಿಕೊಳ್ಳುವ ಎಚ್ಚರಿಕೆ. ಕಲ್ಲೆಸೆದವನ ಮನಸ್ಸನ್ನು ನೋಯಿಸದ ಹಾಗೆ ಕಲ್ಲು ತಿಂದವನಿಗೆ ನ್ಯಾಯ ಕೊಡಬೇಕಂತೆ. ಅದೇ ಆಯೋಗದ ಮುಂದೆ 1882ರ ಅಕ್ಟೋಬರಿನಲ್ಲಿ ಜ್ಯೋತಿಬಾ ಫುಲೆ, ರೈತರ ಬೆವರಿನಿಂದ ಎತ್ತಿದ ಹಣ ಮೇಲಿನ ವರ್ಗದ ಶಿಕ್ಷಣಕ್ಕೆ ಖರ್ಚಾಗುತ್ತಿದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಇನ್ನೊಂದು ಉಪಾಯವನ್ನೂ ನಮ್ಮ ಊರಿನ ಯಜಮಾನರು ಕಂಡುಕೊಂಡರು. ಪದವನ್ನು ಮುರಿಯದೆ, ಅಕ್ಷರಾರ್ಥದಲ್ಲೇ ಪಾಲಿಸಿ, ಅದನ್ನು ಕೊಲ್ಲುವ ಉಪಾಯ. ಸರ್ಕಾರ ಹೇಳಿದ್ದೇನು? ಶಾಲೆಗೆ ಸೇರಿಸಿಕೊಳ್ಳಿ ಎಂದು. ಸೇರಿಸಿಕೊಂಡರು. ಹೆಸರು ದಾಖಲಾತಿ ಪುಸ್ತಕದಲ್ಲಿ ಬಂತು, ಹುಡುಗ ಕಟ್ಟೆಯ ಮೇಲೆ ಉಳಿದ. ಒಳಗೆ ಕೂಡಿಸಿರಿ ಅಂತ ಆದೇಶದಾಗ ಎಲ್ಲೈತಿ? ಕಲಿಸಿ ಎಂದಿದೆ, ಕಿಟಕಿಯಿಂದ ಕಲಿಸಿದರು. ಪಾಟಿಯನ್ನು ಮುಟ್ಟದೆ ದೂರದಿಂದ ನೋಡಿ ತಿದ್ದಿದರು. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆಯಾಗಿ ಕೂತದ್ದು, ಜವಾನ ನೀರು ಹಾಕದಿದ್ದರೆ ನೀರಡಿಸಿಕೊಂಡೇ ಇರಬೇಕಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಶಾಲೆಯ ಲೆಕ್ಕದಲ್ಲಿ ಅವರೂ ದಾಖಲಾದ ವಿದ್ಯಾರ್ಥಿಯೇ. ನಮ್ಮ ಹಿರಿಯರನ್ನು ಕೇಳಿದರೂ ಇದೇ ಮಾತು ಬರುತ್ತದೆ: “ಸಾಲಿಗಿ ಹಚ್ಚಿದ್ರಪಾ, ಆದ್ರ ಸಾಲ್ಯಾಗ ಕೂಡ್ರಿಸಲಿಲ್ಲ.” ಶಾಲೆಗೆ ಹಚ್ಚುವುದಕ್ಕೂ ಶಾಲೆಯಲ್ಲಿ ಕೂಡಿಸುವುದಕ್ಕೂ ಇರುವ ಅಂತರವನ್ನು ಯಾವ ಆಯೋಗವೂ ಇಷ್ಟು ಸರಳವಾಗಿ ಹೇಳಲಿಲ್ಲ.

ಹಾಗಾದರೆ ಅಕ್ಷರಾರ್ಥ ನಮ್ಮ ಮಿತ್ರನೋ ಶತ್ರುವೋ? ಇದು ನಿಜವಾದ ಪ್ರಶ್ನೆ. ಅಕ್ಷರಾರ್ಥ ಒಂದು ಹತಾರ. ಯಾರ ಕೈಯಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದನ್ನು ನೋಡದೆ ಹತಾರವನ್ನು ಹೊಗಳುವುದೂ ತಪ್ಪು, ಬೈಯುವುದೂ ತಪ್ಪು.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿತು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆಗಳನ್ನು, ಸಾರ್ವಜನಿಕ ಶಾಲೆ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದು. ಆಗ ನಮ್ಮ ಧಾರವಾಡ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು. ಮಹಾಡದ ಪುರಸಭೆ ತನ್ನ ಚೌದಾರ ಕೆರೆಯನ್ನು ತೆರೆದಿದ್ದೇವೆಂದು ಠರಾವು ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೀರು ಮಾತ್ರ ಮುಚ್ಚಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದರು. ಅವರು ಅಲ್ಲಿ ಮಾಡಿದ್ದು ‘ಸಾರ್ವಜನಿಕ’ ಎಂಬ ಪದಕ್ಕೆ ಅಕ್ಷರಾರ್ಥ ಬರೆಯುವ ಕೆಲಸ, ಶಾಯಿಯಿಂದಲ್ಲ, ಬೊಗಸೆಯಿಂದ. ಊರವರು ಹೊಡೆದರು, ಕೆರೆಯನ್ನು ಶುದ್ಧ ಮಾಡಿದರು, ನ್ಯಾಯಾಲಯಕ್ಕೆ ಹೋಗಿ ಇದು ಅನಾದಿ ಕಾಲದ ರೂಢಿ ಎಂದು ವಾದಿಸಿದರು. 1937ರ ಮಾರ್ಚ್ 17ರಂದು ಮುಂಬಯಿ ಉಚ್ಚ ನ್ಯಾಯಾಲಯ ಆ ರೂಢಿ ಅನಾದಿಯೆಂದು ಸಾಬೀತಾಗಿಲ್ಲ ಎಂದಿತು. ಒಂದು ಪದದ ಅಕ್ಷರಾರ್ಥಕ್ಕಾಗಿ ಹತ್ತು ವರ್ಷದ ವ್ಯಾಜ್ಯ!

ಸಂವಿಧಾನ ಬಂದ ಮೇಲೆ ಪದಗಳು ನಮ್ಮವರೇ ಬರೆದ ಪದಗಳಾದವು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 45ನೆಯ ವಿಧಿ, ಸಂವಿಧಾನ ಜಾರಿಗೆ ಬಂದ ಹತ್ತು ವರ್ಷದೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತು. ಹತ್ತು ವರ್ಷ ಎಂಬ ಪದದಲ್ಲಿ ಭಾವಾರ್ಥ ಏನಿರಲು ಸಾಧ್ಯ? 1950ಕ್ಕೆ ಹತ್ತು ಕೂಡಿಸಿದರೆ 1960. ಅದು ಲೆಕ್ಕ, ಕಾವ್ಯವಲ್ಲ. ಆದರೆ ಶಿಕ್ಷಣವನ್ನು ಹಕ್ಕು ಎಂದು ಸಂವಿಧಾನಕ್ಕೆ ಸೇರಿಸಿದ್ದು 2002ರ ತಿದ್ದುಪಡಿ. ಅದಕ್ಕೆ ಬೇಕಾದ ಕಾಯಿದೆ 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ‘ಹತ್ತು’ ಎಂಬ ಪದಕ್ಕೆ ಅರವತ್ತು ಎಂದು ಅರ್ಥ ಮಾಡಲಾಯಿತು. ಸಾಲದ ಕಂತು ಹತ್ತು ದಿನ ತಡವಾದರೆ ಮನೆ ಜಪ್ತಿಗೆ ಬರುವ ನಾಡಿನಲ್ಲಿ ಐವತ್ತು ವರ್ಷದ ಈ ಬಾಕಿಗೆ ಯಾರ ಮನೆಯನ್ನು ಜಪ್ತಿ ಮಾಡಿದರು? ‘ಪ್ರಯತ್ನಿಸಬೇಕು’ ಎಂದಷ್ಟೇ ಇದೆಯಲ್ಲ ಎಂದರು. ಅಲ್ಲಿ ಮಾತ್ರ ಅಕ್ಷರಾರ್ಥ ನೆನಪಾಯಿತು.

ಅದೇ ಸಂವಿಧಾನದ 29ನೆಯ ವಿಧಿಯಲ್ಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಸಹಾಯ ಪಡೆಯುವ ವಿದ್ಯಾಸಂಸ್ಥೆಯಲ್ಲಿ ಬರೀ ಜಾತಿ, ಧರ್ಮ, ಭಾಷೆಯ ಕಾರಣದಿಂದ ಯಾವ ನಾಗರಿಕನಿಗೂ ಪ್ರವೇಶ ನಿರಾಕರಿಸಬಾರದು ಎಂದಿದೆ. 1854ರಲ್ಲಿ ಕಂಪನಿಯ ನಿರ್ದೇಶಕರು ಬರೆದ ವಾಕ್ಯದ ಮೊಮ್ಮಗ ಇದು. ಧಾರವಾಡದ ಹುಡುಗನಂಥವರಿಗಾಗಿಯೇ ಹುಟ್ಟಿದ ವಾಕ್ಯ. ಈ ವಾಕ್ಯವನ್ನು ಅಕ್ಷರಶಃ ಓದಿ ಮೊದಲ ದೊಡ್ಡ ತೀರ್ಪು ಪಡೆದವರು ಯಾರು? 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಮದ್ರಾಸ್ ಪ್ರಾಂತದಲ್ಲಿ ಎಲ್ಲ ಸಮುದಾಯಗಳಿಗೂ ಸೀಟು ಹಂಚುತ್ತಿದ್ದ ಸರ್ಕಾರಿ ಆದೇಶವನ್ನು ಇದೇ ವಿಧಿಯ ಆಧಾರದ ಮೇಲೆ ಹೊಡೆದುಹಾಕಿತು. ಅರ್ಜಿ ತಂದಾಕೆ ಬ್ರಾಹ್ಮಣ ಸಮುದಾಯದವರು. ಅವರು ವೈದ್ಯಕೀಯ ಕಾಲೇಜಿಗೆ ಪ್ರವೇಶ ಕೋರಿ ಅರ್ಜಿಯನ್ನೇ ಸಲ್ಲಿಸಿರಲಿಲ್ಲ ಎಂಬುದು ತೀರ್ಪಿನಲ್ಲೇ ಇದೆ. 1856ರಲ್ಲಿ ಅರ್ಜಿ ಹಾಕಿ, ಬಾಗಿಲಲ್ಲಿ ನಿಂತು, ನ್ಯಾಯ ನಿನ್ನ ಕಡೆ ಇದೆ ಎನಿಸಿಕೊಂಡವನಿಗೆ ಪದ ಕೆಲಸ ಮಾಡಲಿಲ್ಲ. 1951ರಲ್ಲಿ ಕಾಲೇಜಿಗೆ ಅರ್ಜಿ ಹಾಕದಿದ್ದವರಿಗೂ ಅದೇ ಪದ ಪೂರ್ತಿ ಕೆಲಸ ಮಾಡಿತು. ಆಮೇಲೆ ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೆಯ ವಿಧಿಯನ್ನು ಸೇರಿಸಬೇಕಾಯಿತು.

ನಮ್ಮ ರಾಜ್ಯದಲ್ಲೂ ಇದು ನಡೆಯಿತು. ಧಾರವಾಡ 1956ರಲ್ಲಿ, ಆ ಹುಡುಗನ ಅರ್ಜಿಯಾಗಿ ಸರಿಯಾಗಿ ನೂರು ವರ್ಷಕ್ಕೆ, ಮೈಸೂರು ರಾಜ್ಯದಲ್ಲಿ ಸೇರಿತು. ಕನ್ನಡಿಗರೆಲ್ಲ ಒಂದಾದರು ಎಂದು ಸಂಭ್ರಮಪಟ್ಟೆವು. ಆ ಒಂದಾದ ರಾಜ್ಯದ ಸರ್ಕಾರ 1962ರಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರು, ಪರಿಶಿಷ್ಟರು ಎಲ್ಲರಿಗೂ ಸೇರಿ ಶೇಕಡ 68 ಸ್ಥಾನ ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ‘ವಿಶೇಷ’ ಸೌಲಭ್ಯ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಸಂವಿಧಾನದಲ್ಲಿ ಅರ್ಧ ಎಂಬ ಪದ ಎಲ್ಲಿತ್ತು? ಇಲ್ಲದ ಪದವನ್ನು ಓದಬಲ್ಲ ಕಣ್ಣು, ಇದ್ದ ‘ಹತ್ತು ವರ್ಷ’ವನ್ನು ಓದಲಿಲ್ಲ.

ಇನ್ನು ನಮ್ಮವರು ಬಾಯಿ ತೆರೆದಾಗ ಏನಾಗುತ್ತದೆ ನೋಡೋಣ. 1973ರ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅಲ್ಲಿಯವರೆಗೆ ಪದವನ್ನು ಅಕ್ಷರಶಃ ಹಿಡಿಯಬೇಡಿ, ಧ್ವನಿ ನೋಡಿ ಎಂದು ಪಾಠ ಹೇಳುತ್ತಿದ್ದ ಮಂದಿ ಒಂದೇ ರಾತ್ರಿಯಲ್ಲಿ ಅಕ್ಷರಾರ್ಥದ ಭಕ್ತರಾದರು. ಬೂಸಾ ಅಂದರೆ ದನ ತಿನ್ನುವುದು, ಆದ್ದರಿಂದ ಕನ್ನಡಿಗರನ್ನೆಲ್ಲ ದನ ಅಂದ ಹಾಗಾಯಿತು ಎಂದು ಲೆಕ್ಕ ಹಾಕಿದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಮಾತಿನ ಹಿಂದೆ ಒಂದು ಭಾವ ಇತ್ತು, ನಮ್ಮ ಬದುಕು ಈ ಪುಸ್ತಕಗಳಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಇತ್ತು. ಅದನ್ನು ಕೇಳಿಸಿಕೊಳ್ಳುವ ರಸಿಕರು ಆಗ ಎಲ್ಲಿ ಹೋಗಿದ್ದರು?

ಹೀಗಿದೆ ಈ ವ್ಯವಸ್ಥೆಯ ವ್ಯಾಕರಣ. ನಮಗೆ ಕೊಟ್ಟ ಮಾತನ್ನು ಭಾವಾರ್ಥದಲ್ಲಿ ಓದಬೇಕು, ನಾವು ಆಡಿದ ಮಾತನ್ನು ಅಕ್ಷರಾರ್ಥದಲ್ಲಿ ಓದಬೇಕು. ಅವರ ‘ಎಲ್ಲರೂ’ ಒಂದು ಆಶಯ, ನಮ್ಮ ‘ಬೂಸಾ’ ಒಂದು ಅಪರಾಧ. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದದ್ದರ ಹಿಂದೆಯೂ ಇದೇ ಇತ್ತು. ಸಾಹಿತ್ಯ ಎಲ್ಲರದು, ಅದರಲ್ಲಿ ದಲಿತರಿಗೆ ಬೇರೆ ಗೋಷ್ಠಿ ಯಾಕೆ ಎಂದು ಕೇಳಿದವರಿಗೆ ನಾವು ಕೇಳಬೇಕಾದದ್ದು ಧಾರವಾಡದ ಹುಡುಗ ಕೇಳಿದ್ದನ್ನೇ: ನಿಮ್ಮ ಆ ‘ಎಲ್ಲರ’ ಒಳಗೆ ನಾವು ಕೂಡುವ ಜಾಗ ತೋರಿಸಿರಿ.

ನಮ್ಮಂಥ, ಮನೆತನದಲ್ಲಿ ಮೊದಲು ಓದಿದ ತಲೆಮಾರಿನವರಿಗೆ ಇದರಿಂದ ಒಂದು ಕೆಲಸ ಬರುತ್ತದೆ. ಕವಿತೆ ಬರೆಯೋಣ, ಘೋಷಣೆ ಕೂಗೋಣ. ಅದರ ಜೊತೆಗೆ ಠರಾವು ಓದುವುದನ್ನು ಕಲಿಯೋಣ. ಒಂದೊಂದು ಸರ್ಕಾರಿ ಕಾಗದದಲ್ಲಿ ‘ಆದರೆ’ ಎಲ್ಲಿ ಬಂತು, ‘ಸಾಧ್ಯವಾದಷ್ಟು’ ಎಲ್ಲಿ ಬಂತು, ‘ಸ್ಥಳೀಯ ಪರಿಸ್ಥಿತಿಗೆ ಅನುಗುಣವಾಗಿ’ ಎಲ್ಲಿ ಬಂತು ಎಂದು ಬೆರಳಿಟ್ಟು ತೋರಿಸೋಣ. ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲಿ ಏನಿತ್ತೆಂದು ಅವರಿಗೆ ಓದಿ ಹೇಳಿದವರು ಬೇರೆಯವರು. ಈಗ ಓದುವ ಕಣ್ಣು ನಮ್ಮದೇ. ಶಾಲೆಯ ಬಿಸಿಯೂಟಕ್ಕೆ ಸರ್ಕಾರ ಅಕ್ಷರ ದಾಸೋಹ ಎಂದು ಹೆಸರಿಟ್ಟಿದೆ. ಎಷ್ಟು ಚೆಂದದ ಹೆಸರು! ಆದರೆ ಅಡುಗೆ ಮಾಡಿದಾಕೆ ದಲಿತಳೆಂದು ಮಕ್ಕಳನ್ನು ಊಟದಿಂದ ಎಬ್ಬಿಸಿದ ಸುದ್ದಿ ಈ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ದಾಸೋಹ ಎಂಬ ಪದದ ಅರ್ಥ ಗೊತ್ತಿದ್ದವರು ಅಲ್ಲಿ ಯಾರು, ಎಲೆ ಬಿಟ್ಟು ಎದ್ದವರೋ, ಬಡಿಸಲು ನಿಂತವಳೋ?

1858ರ ಆ ಪತ್ರದ ಒಂದು ಮಾತು ಮಾತ್ರ ಅಕ್ಷರಶಃ ಜಾರಿಗೆ ಬಂದಿದೆ. ಒಪ್ಪದವರು ತಮ್ಮ ಹಣದಿಂದ ಬೇರೆ ಶಾಲೆ ಮಾಡಿಕೊಳ್ಳಲಿ ಎಂಬ ಮಾತು. ನಮ್ಮವರು ಕಟ್ಟೆಯಿಂದ ಒಳಗೆ ಬಂದು ಹಲಗೆಯ ಮುಂದೆ ಕೂಡುವ ಹೊತ್ತಿಗೆ ಮೊದಲಿನಿಂದ ಒಳಗಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ಹುಬ್ಬಳ್ಳಿ-ಧಾರವಾಡದ ಯಾವ ಓಣಿಗಾದರೂ ಹೋಗಿ ನೋಡಿರಿ. ಸರ್ಕಾರಿ ಶಾಲೆಯಲ್ಲಿ ಯಾರ ಮಕ್ಕಳಿದ್ದಾರೆ, ಬಣ್ಣದ ಬಸ್ಸಿನಲ್ಲಿ ಹೋಗುವವರು ಯಾರ ಮಕ್ಕಳು? ಎದ್ದು ಹೋದವರಿಗೆ ಯಾರೂ ಜಾತಿಯ ಹೆಸರು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ‘ಗುಣಮಟ್ಟ’ ಎನ್ನುತ್ತಾರೆ. ಈ ಪದವನ್ನೂ ನಾವು ಬಿಡಿಸಿ ಓದಬೇಕಾಗಿದೆ. ಸರ್ಕಾರಿ ಶಾಲೆಯ ಬಾಗಿಲು ಈಗ ಅಕ್ಷರಾರ್ಥದಲ್ಲಿ ಎಲ್ಲರಿಗೂ ತೆರೆದಿದೆ. ಎಲ್ಲರೂ ಒಳಗಿಲ್ಲ, ಅಷ್ಟೇ. ಆ ಹುಡುಗ ಕೇಳಿದ್ದು ಖಾಲಿಯಾದ ಶಾಲೆಯನ್ನಲ್ಲ. ಊರಿನ ಹುಡುಗರೊಂದಿಗೆ ಒಂದೇ ಸಾಲಿನಲ್ಲಿ ಕೂತು ಕಲಿಯುವುದನ್ನು ಅವನು ಕೇಳಿದ್ದ. ಆ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ.